ಪರದೇಶಕ್ಕೆ ಬಂದ ಅವ್ವನಿಗೆ ಮಾತು ಮರಳಿತು

ಶಿವನನ್ನು ನಂಬಿ ದಿನ ಕಳೆಯುವ ನನ್ನ ಬಂಧುಗಳಿಗೆ ಶರಣು. ನನ್ನ ಅವ್ವ ಎರಡು ವರ್ಷ ಬಾಯಿ ಬಿಚ್ಚಿರಲಿಲ್ಲ. ಆ ದುಃಖ ಹೇಗೆ ಕಳೆಯಿತು ಎಂಬುದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾನು ಹಿರೇಕೆರೂರು ತಾಲೂಕಿನವಳು. ಹೆರಿಗೆ ನರ್ಸ್. ಕೆಲವು ವರ್ಷಗಳಿಂದ ಕೀನ್ಯಾ ದೇಶದ ಪಶ್ಚಿಮದ ಒಂದು ಹಳ್ಳಿಯಲ್ಲಿ, ಬಡ ಬಾಣಂತಿಯರಿಗಾಗಿ ನಡೆಯುವ ಧರ್ಮಾರ್ಥ ಆಸ್ಪತ್ರೆಯಲ್ಲಿ ಸೇವೆ ಮಾಡುತ್ತಿದ್ದೇನೆ. ನಾನು ಅಲ್ಲಿದ್ದಾಗಲೇ ಊರಲ್ಲಿ ನನ್ನ ತಂಗಿ ಕಸ್ತೂರಿ ತೀರಿಕೊಂಡಳು. ಅವಳನ್ನು ಹಾನಗಲ್ಲಿಗೆ ಕೊಟ್ಟಿತ್ತು. ಚೊಚ್ಚಲ ಬಸುರಿ. ತಿಂಗಳು ತುಂಬುವ ಮೊದಲೇ ನೋವು ಬಂತು. ಅವಳೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ.

ನಾನು ವಿಮಾನ ಹಿಡಿದು ಊರು ಮುಟ್ಟುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು. ಅವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ನನ್ನನ್ನು ನೋಡಿದಳು, ಕೈ ಹಿಡಿದಳು, ಮಾತಾಡಲಿಲ್ಲ. ಅಳಲೂ ಇಲ್ಲ. ದುಃಖ ಇಳಿದ ಮೇಲೆ ಸರಿಹೋಗುತ್ತಾಳೆಂದು ಎಲ್ಲರೂ ಅಂದೆವು. ತಿಂಗಳು ಕಳೆದರೂ ಹಾಗೇ ಇದ್ದಳು. ಹುಬ್ಬಳ್ಳಿಯಲ್ಲಿ ಗಂಟಲು ನೋಡಿದ ಡಾಕ್ಟರು ಏನೂ ದೋಷವಿಲ್ಲ ಎಂದರು. ಧಾರವಾಡದಲ್ಲಿ ಮನಸ್ಸಿನ ಡಾಕ್ಟರು ಗುಳಿಗೆ ಕೊಟ್ಟರು. ಗುಳಿಗೆಯಿಂದ ನಿದ್ದೆ ಬಂತು, ಮಾತು ಬರಲಿಲ್ಲ.

ನನ್ನ ಅಣ್ಣ ಈರಣ್ಣ ಶಿಗ್ಗಾಂವಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅವ್ವನನ್ನು ತನ್ನ ಮನೆಗೇ ಕರೆದುಕೊಂಡು ಹೋದ. ನಾನು ಸೇವೆಗೆ ಮರಳಿದೆ. ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಒಂದೇ ಬೇಡುತ್ತಿದ್ದೆ: "ಶಿವನೇ, ನನ್ನ ಅವ್ವನ ಬಾಯಾಗ ಒಂದ ಮಾತು ಹಾಕು." ಅಣ್ಣ ಫೋನಿನಲ್ಲಿ, ಅವ್ವನೂ ಪೂಜೆಗೆ ಕೂರುತ್ತಾಳೆ, ಆದರೆ ಮಂತ್ರಕ್ಕೂ ತುಟಿ ಅಲ್ಲಾಡಿಸುವುದಿಲ್ಲ ಎನ್ನುತ್ತಿದ್ದ. "ದೇವರ ಜೋಡಿನೂ ಮಾತು ಬಿಟ್ಟಾಳ ನೋಡು" ಎಂದಿದ್ದ ಒಮ್ಮೆ. ಆ ಮಾತು ನನಗೆ ಬಹಳ ದಿನ ಚುಚ್ಚಿತು.

ಹೋದ ವರ್ಷ ಶ್ರಾವಣ ಕಳೆದ ಮೇಲೆ ಅಣ್ಣನಿಗೇ ಒಂದು ಆಲೋಚನೆ ಬಂತು. ಜಾಗ ಬದಲಾದರೆ ಮನಸ್ಸು ಬದಲಾದೀತು, ಅವ್ವನನ್ನು ನಿನ್ನ ಹತ್ತಿರ ಕರೆತರುತ್ತೇನೆ ಅಂದ. ಊರಿನಿಂದ ಯಾರೂ ಅಲ್ಲಿಯವರೆಗೆ ನನ್ನನ್ನು ನೋಡಲು ಬಂದವರಲ್ಲ. ನಾನು ಒಂದು ವಾರ ಕೋಣೆ ಸಾರಿಸಿದೆ, ಸೊಳ್ಳೆ ಪರದೆ ಹೊಲಿದೆ, ಪೇಟೆಯಲ್ಲಿ ಹುಡುಕಿ ಹೆಸರುಬೇಳೆ ತಂದೆ. ಅವರು ಶಿಗ್ಗಾಂವಿಯಿಂದ ಬಸ್ಸಿನಲ್ಲಿ ತಡಸ ದಾಟಿ ಹುಬ್ಬಳ್ಳಿಗೆ, ಅಲ್ಲಿಂದ ಮುಂಬೈಗೆ, ಮುಂಬೈಯಿಂದ ನೈರೋಬಿಗೆ ಬಂದರು. ಮತ್ತೆ ಇಡೀ ದಿನ ಬಸ್ಸು. ನಮ್ಮ ಆಸ್ಪತ್ರೆಯ ಹೆಂಗಸರು ಬಾಗಿಲಲ್ಲಿ ನಿಂತು "ಕರಿಬು, ಮಾಮಾ" ಎಂದು ಹಾಡಿದರು. ಬನ್ನಿ ತಾಯಿ ಎಂದು ಅದರ ಅರ್ಥ. ಅವ್ವ ಎಲ್ಲರಿಗೂ ಕೈ ಮುಗಿದಳು. ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ. ಅದು ಅಲುಗಲಿಲ್ಲ.

ಅಣ್ಣ ಚೀಲ ಬಿಚ್ಚಿ ಸವಣೂರ ಖಾರಾ, ಶೇಂಗಾ ಹೋಳಿಗೆ, ಕಟಕು ರೊಟ್ಟಿ ತೆಗೆದ. ಅವ್ವನೇ ಬಡಿದ ರೊಟ್ಟಿ. ತಿನ್ನುವಾಗ ನನಗೆ ತಡೆಯಲಾಗಲಿಲ್ಲ.

"ಯವ್ವಾ, ನನ್ನ ಹೆಸರಾದ್ರೂ ಒಮ್ಮೆ ಕರಿಯ" ಎಂದೆ.

ಅವಳು ನನ್ನ ತಲೆ ಸವರಿ ಎದ್ದುಹೋದಳು.

ಬಂದ ದಿನದಿಂದ ಅವಳು ಮಾಡಿದ್ದೆಂದರೆ ಆಸ್ಪತ್ರೆಯ ಜಗಲಿಯ ಬೆಂಚಿನ ಮೇಲೆ ಕೂರುವುದು. ಎದುರಿಗೆ ಗೋವಿನಜೋಳದ ಹೊಲ. ನಮ್ಮ ಕಡೆಯ ಹಾಗೇ ಎದೆಯೆತ್ತರ ಬೆಳೆದಿತ್ತು. ಊಟ ದಿನದಿಂದ ದಿನಕ್ಕೆ ಕಡಿಮೆಯಾಯಿತು. ಬಾಣಂತಿಯರ ಕೋಣೆಯ ಕಡೆ ಮಾತ್ರ ಹೋಗುತ್ತಿರಲಿಲ್ಲ. ಕೂಸು ಅತ್ತರೆ ಎದ್ದು ಹಿತ್ತಲಿಗೆ ನಡೆದುಬಿಡುತ್ತಿದ್ದಳು. ಇಲ್ಲಿಗೆ ಕರೆಸಿದ್ದೇ ತಪ್ಪಾಯಿತೇನೋ ಎಂದು ನನಗೆ ಅನ್ನಿಸತೊಡಗಿತು. ಅಣ್ಣನಿಗೂ ಹಾಗೇ ಅನ್ನಿಸಿತ್ತು.

"ತಿಕೀಟು ಮುಂಚೇಕ ಮಾಡಿಸ್ತೇನಿ. ಇಲ್ಲಿ ಇದ್ದಷ್ಟೂ ಅಕಿ ಸೊರಗಾಕತ್ತಾಳ" ಎಂದ. "ನೀ ಮಂದಿ ಮಕ್ಕಳನ್ನ ಎತಗೊಂತೀ. ನಮ್ಮ ಮನ್ಯಾಗ ಏನಾಗೈತಿ ನೋಡು" ಎಂದ. ಸಿಟ್ಟಿನ ಮಾತಲ್ಲ, ದಣಿದ ಮಾತು. ಮರುದಿನ ಪೂಜೆಗೆ ಕುಳಿತಾಗ ಬೇಡುವ ಮನಸ್ಸೇ ಬರಲಿಲ್ಲ. ಅಂಗೈ ನೋಡುತ್ತ ಕುಳಿತು ಎದ್ದುಬಿಟ್ಟೆ.

ಅದೇ ದಿನ ಮಧ್ಯಾಹ್ನ ದೊಡ್ಡ ಮಳೆಯಲ್ಲಿ ಒಬ್ಬ ಹುಡುಗಿಯನ್ನು ಅವಳ ತಾಯಿ ಬಾಡಿಗೆ ಬೈಕಿನಲ್ಲಿ ಕೂರಿಸಿಕೊಂಡು ಬಂದಳು. ತಾಯಿಯ ಹೆಸರು ಅತಿಯೆನೊ. ನಮ್ಮ ಅವ್ವನ ವಯಸ್ಸಿನವಳೇ. ಹುಡುಗಿಗೆ ದಿನ ತುಂಬಿರಲಿಲ್ಲ, ಆದರೂ ಬಂದ ಕೂಡಲೇ ಹೆರಿಗೆಯಾಯಿತು. ಗಂಡು ಕೂಸು, ಅಂಗೈಯಗಲ. ಆಮೇಲೆ ರಕ್ತ ನಿಲ್ಲಲಿಲ್ಲ. ನಮಗೆ ತಿಳಿದದ್ದನ್ನೆಲ್ಲ ಮಾಡಿದೆವು, ಸಾಲದಾಯಿತು. ಜಿಲ್ಲಾಸ್ಪತ್ರೆಗೆ ಒಯ್ಯಲೇಬೇಕಿತ್ತು. ಕರೆಂಟು ಹೋಗಿ ಕೂಸನ್ನು ಬೆಚ್ಚಗಿಡುವ ಯಂತ್ರವೂ ನಿಂತಿತ್ತು. ಅಂಥ ಹೊತ್ತಿನಲ್ಲಿ ಕೂಸನ್ನು ಒಬ್ಬರ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಡುತ್ತೇವೆ. ಅಜ್ಜಿ ಅತಿಯೆನೊಳ ಎದೆಗೆ ಕೂಸನ್ನು ಕಟ್ಟಿ, ಇನ್ನೊಬ್ಬ ನರ್ಸಿಗೆ ಒಪ್ಪಿಸಿ, ನಾನು ಹುಡುಗಿಯ ಜೊತೆ ಗಾಡಿ ಹತ್ತಿದೆ.

ದಾರಿಯೆಲ್ಲ ಕೆಸರು. ಒಂದು ಕೈಯಲ್ಲಿ ಆ ಹುಡುಗಿಯ ಹೊಟ್ಟೆ ಒತ್ತಿ ಹಿಡಿದಿದ್ದೆ, ಇನ್ನೊಂದು ಕೈಯಲ್ಲಿ ಕೊರಳಲ್ಲಿನ ಲಿಂಗದ ಕರಡಿಗೆ. "ಈ ತಾಯಿನ್ನ ಉಳಸು, ಈ ತಾಯಿನ್ನ ಉಳಸು" ಎಂದೇ ಹೇಳುತ್ತಿದ್ದೆ. ನನಗೆ ಕಸ್ತೂರಿಯ ಮುಖವೂ ಕಾಣಲಿಲ್ಲ, ಅವ್ವನ ಮುಖವೂ ಕಾಣಲಿಲ್ಲ. ಆ ಪರದೇಶದ ಹುಡುಗಿಯ ಬಿಳಚಿದ ತುಟಿ ಮಾತ್ರ ಕಾಣುತ್ತಿತ್ತು. ಜಿಲ್ಲಾಸ್ಪತ್ರೆಯವರು ಬಾಗಿಲಲ್ಲೇ ಕಾದಿದ್ದರು. ರಕ್ತ ಏರಿಸಿದರು. ಅವಳು ಕಣ್ಣು ಬಿಟ್ಟು ಕೂಸೆಲ್ಲಿ ಎಂದು ಕೇಳಿದ ಮೇಲೆಯೇ ನಾನು ಹೊರಟೆ.

ಸಂಜೆ ನಮ್ಮ ಆಸ್ಪತ್ರೆಗೆ ಮರಳಿ, ಒದ್ದೆ ಚಪ್ಪಲಿ ಕಳಚಿ ಬಾಣಂತಿಯರ ಕೋಣೆಯ ಬಾಗಿಲು ತಳ್ಳಿದೆ. ಒಳಗೆ ಮಬ್ಬು.

"ಬಾಗಲಾ ಹಾಕ. ಗಾಳಿ ಬರಾಕತ್ತೈತಿ, ಕೂಸಿಗೆ ಥಂಡಿ ಆಕ್ಕೈತಿ."

ನಾನು ಬಾಗಿಲು ಹಾಕಿದೆ. ಹಾಕಿದ ಮೇಲೆ ಅದು ಯಾರ ದನಿ ಎಂದು ತಿಳಿಯಿತು. ಕಿಟಕಿಯ ಪಕ್ಕದ ಮಂಚದ ಮೇಲೆ ಅವ್ವ ಕುಳಿತಿದ್ದಳು. ಅವಳ ಸೀರೆಯೊಳಗೆ ಆ ಕೂಸು. ಪಕ್ಕದಲ್ಲಿ ಅತಿಯೆನೊ ಗಾಢ ನಿದ್ದೆಯಲ್ಲಿದ್ದಳು.

ನಡೆದದ್ದನ್ನು ಅಣ್ಣ ಹೇಳಿದ. ಅತಿಯೆನೊ ಮಳೆಯಲ್ಲಿ ನೆನೆದು ಬಂದವಳು, ಅವಳಿಗೇ ಚಳಿಜ್ವರ ಹತ್ತಿತಂತೆ. ನರ್ಸು ಇನ್ನೊಬ್ಬಳಿಗೆ ಹೆರಿಗೆ ಮಾಡಿಸುತ್ತಿದ್ದಳು. ಅತಿಯೆನೊ ನಡುಗುತ್ತ ಜಗಲಿಗೆ ಬಂದು, ಬೆಂಚಿನ ಮೇಲಿದ್ದ ಅವ್ವನ ಎದುರು ನಿಂತು, ಬಟ್ಟೆ ಸರಿಸಿ ಕೂಸನ್ನು ತೋರಿಸಿದಳು. ಅವ್ವ ಎದ್ದಳು. ಈ ಸಲ ಹಿತ್ತಲಿಗೆ ಹೋಗಲಿಲ್ಲ. ಕೂಸಿನ ಪಾದ ಮುಟ್ಟಿ ನೋಡಿ, "ಯಪ್ಪಾ, ಕಾಲು ಕಲ್ಲಾಗ್ಯಾವ! ಕೊಡ ಇಲ್ಲೆ" ಎಂದಳು. "ನಾ ಓಡಿಬಂದು ನೋಡ್ತೇನಿ, ಅವ್ವ ನನಗ ಬೈಯಾಕತ್ತಾಳ, ಹಚ್ಚಡಾ ತರಾಕ ಇಷ್ಟೊತ್ತೇನಲೇ ಅಂತ" ಎನ್ನುತ್ತ ಅಣ್ಣ ಹೆಂಗಸರ ಮುಂದೆಯೇ ಅತ್ತ.

ಕೂಸು ಉಳಿಯಿತು. ತಾಯಿ ಗುಣವಾಗಿ ಬರುವವರೆಗೆ ಅವ್ವ ಮತ್ತು ಅತಿಯೆನೊ ಸರದಿ ಹಚ್ಚಿ ಅದನ್ನು ಎದೆಗೆ ಕಟ್ಟಿಕೊಂಡರು. ತಿಕೀಟು ಮುಂಚೆ ಮಾಡಿಸುವ ಮಾತನ್ನು ಅಣ್ಣ ಮತ್ತೆ ಎತ್ತಲಿಲ್ಲ. ಅವ್ವ ಒಮ್ಮೆಗೇ ಮೊದಲಿನಂತಾದಳು ಎಂದರೆ ಸುಳ್ಳಾಗುತ್ತದೆ. ಬೇಕಾದಷ್ಟೇ ಮಾತು, ಅದೂ ಕೂಸಿನ ಸುತ್ತಲಿನದು. ಒಂದು ಮಧ್ಯಾಹ್ನ ನಾನು ಧೈರ್ಯ ಮಾಡಿ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

"ಬಾಯಿ ತಗದ್ರ ಅಕಿ ಹೆಸರಾ ಬರ್ತಿತ್ತವ್ವಾ" ಎಂದಳು ಅವ್ವ. "ಕರದ್ಮ್ಯಾಲೆ ಅಕಿ ಓ ಅನ್ನಲಿಲ್ಲಂದ್ರ ನಾ ಹೆಂಗ ತಡಕೊಳ್ಳಲಿ?"

ಡಾಕ್ಟರುಗಳ ಎದುರು ಕೂತರೂ ಹೊರಬರದಿದ್ದ ಮಾತು ಅದು. ನಾನು ಅವಳ ಪಕ್ಕದಲ್ಲಿ ಕುಳಿತೆ, ಅಷ್ಟೆ.

ಮನಸ್ಸಿನ ಡಾಕ್ಟರನ್ನು ಕೇಳಿದರೆ ಇದಕ್ಕೆ ಬೇರೆ ಕಾರಣ ಕೊಟ್ಟಾರು. ಕೊಡಲಿ, ಅದೂ ನಿಜವಿದ್ದೀತು. ಆದರೆ ನಾನು ಈಗಲೂ ಯೋಚಿಸುವುದು ಇದನ್ನು: ಎರಡು ವರ್ಷ ತಪ್ಪದೆ ಅವ್ವನಿಗಾಗಿ ಬೇಡಿದೆ. ಬೇಡದೇ ಎದ್ದ ದಿನ, ಇನ್ನೊಬ್ಬ ತಾಯಿಗಾಗಿ ಕೂಗಿಕೊಂಡ ದಿನ, ಎರಡಕ್ಕೂ ಸೇರಿಸಿ ಶಿವ ಓಗೊಟ್ಟ. ನನ್ನ ಬೇಡಿಕೆ ಅವನಿಗೆ ಮೊದಲೇ ಕೇಳಿಸಿತ್ತು. ಹೇಗೆ ಕೊಡಬೇಕೆಂಬುದು ಅವನಿಗೆ ಬಿಟ್ಟದ್ದಾಗಿತ್ತು.

ಅವರು ಊರಿಗೆ ಹೊರಡುವ ದಿನ ಅತಿಯೆನೊ ಕೋಳಿಯೊಂದನ್ನು ಉಡುಗೊರೆ ತಂದಳು. ನಾವು ಲಿಂಗವಂತರು, ತಿನ್ನುವುದಿಲ್ಲವೆಂದು ನಗುತ್ತ ತಿಳಿಸಿ, ಅದನ್ನು ಆಸ್ಪತ್ರೆಯ ಹಿತ್ತಲಲ್ಲೇ ಬಿಟ್ಟೆವು. ಬಸ್ಸು ಬರುವುದು ತಡವಿತ್ತು. ಇಬ್ಬರೂ ಮುದುಕಿಯರು ಬೆಂಚಿನ ಮೇಲೆ ಕುಳಿತರು. ಅವ್ವ ಕೈ ತೋರಿಸುತ್ತ, ಅಪ್ಪಟ ನಮ್ಮೂರ ಮಾತಿನಲ್ಲಿ ಶುರುಮಾಡಿದಳು: "ನನಗೂ ಒಬ್ಬಾಕಿ ಇದ್ಲವಾ. ಕಸ್ತೂರಿ ಅಂತ. ಉದ್ದನ್ನ ಕೂದಲಾ, ಬಾಳ ನಗಾಕಿ."

ಒಂದಕ್ಷರ ತಿಳಿಯದ ಅತಿಯೆನೊ ಎಲ್ಲವನ್ನೂ ಕೇಳಿದಳು. "ಪೋಲೆ, ಪೋಲೆ" ಎಂದು ಬೆನ್ನು ಸವರಿದಳು. ಅವರ ಕಡೆ ದುಃಖದವರಿಗೆ ಹೇಳುವ ಮಾತು ಅದು. ಅವ್ವ ಮೊದಲ ಸಲ ಗಟ್ಟಿಯಾಗಿ ಅತ್ತಳು. ನಾನೂ ಅಣ್ಣನೂ ದೂರ ನಿಂತು ಅವಳನ್ನು ಅಳಲು ಬಿಟ್ಟೆವು. ಬಸ್ಸು ಬಂದಾಗ ಅವಳೇ ಕಣ್ಣೊರೆಸಿಕೊಂಡು, ನನ್ನ ಕಡೆ ತಿರುಗಿ, "ನೀಲಾ, ಬರ್ತೇನವ್ವಾ" ಎಂದಳು.

ಆ ಕರೆಯನ್ನು ಕೇಳಿಸಿದ ಶಿವನಿಗೆ ನಾನು ಏನು ತಾನೇ ಕೊಡಬಲ್ಲೆ? ಬಂದ ಕೂಸುಗಳನ್ನು ಬೆಚ್ಚಗೆ ಹಿಡಿಯುತ್ತೇನೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹೀಗೆ ಮೌನ ಕವಿದಿದ್ದರೆ, ಅವನು ಕೇಳುತ್ತಿಲ್ಲವೆಂದು ಮಾತ್ರ ತಿಳಿಯಬೇಡಿ.