ಡೋಲಿನ ಮೂಲೆ

ಆ ಬಾವಿಯನ್ನು ನಾನು ತುಂಬಲಿಲ್ಲ. ತುಂಬಿದ್ದೇನೆ ಎಂದು ಹೇಳಿದೆ — ಒಬ್ಬ ತಾಯಿಯ ಮುಖ ನೋಡಿಕೊಂಡೇ ಹೇಳಿದೆ — ಆದರೆ ತುಂಬಲಿಲ್ಲ. ಬಾಯಿಗೆ ಚಪ್ಪಡಿ ಹಾಸಿ, ಮೇಲೆ ಮಣ್ಣು ಎಳೆದೆ. ನಮ್ಮ ಊರಿನ ಹುಡುಗರು ಇಷ್ಟು ವರ್ಷ ಅದರ ಮೇಲೆಯೇ ಕ್ರಿಕೆಟ್ ಆಡಿದ್ದಾರೆ.

ತಾವರಗೇರಾದಿಂದ ಸ್ವಲ್ಪ ದೂರದ ಊರು ನಮ್ಮದು. ಅಲ್ಲಿಯ ಮೈದಾನದ ಚರಿತ್ರೆ ಹೇಳುವವರು ನನ್ನ ಹೆಸರಿನಿಂದಲೇ ಶುರು ಮಾಡುತ್ತಾರೆ. ಹನಮಂತ ಮೇಸ್ತ್ರಿ ಇರದಿದ್ದರೆ ಈ ಮೈದಾನವೇ ಇರುತ್ತಿರಲಿಲ್ಲ ಎಂದು ಪ್ರತಿ ಟೂರ್ನಮೆಂಟಿನ ಮೊದಲ ದಿನ ಮೈಕಿನಲ್ಲಿ ಹೇಳಿ ನನಗೊಂದು ಹಾರ ಹಾಕುತ್ತಾರೆ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಕಲ್ಲಿನ ಕೆಲಸದಲ್ಲಿ ಕೈ ಒಡೆದುಕೊಂಡು ಮೇಲೆ ಬಂದವನು. ಮಾಸ್ತರರು, ಬ್ಯಾಂಕಿನವರು ನನಗೋಸ್ಕರ ಚಪ್ಪಾಳೆ ತಟ್ಟುವಾಗ — ಸುಳ್ಳು ಯಾಕೆ — ಎದೆ ಉಬ್ಬುತ್ತಿತ್ತು. ಆದರೆ ಕಣ್ಣು ಮಾತ್ರ ಪೂರ್ವದ ಮೂಲೆಗೆ ಹೋಗಿ ನಿಲ್ಲುತ್ತಿತ್ತು.

ಆ ಹೊಲ ಹುಸೇನಬಿ ಚಾಚಿಯದು, ನನ್ನ ಗೆಳೆಯ ಖಾಜಾನ ತಾಯಿಯದು. ಮೊದಲು ಅಲ್ಲಿ ಕಾಯಿಪಲ್ಲೆ ಬೆಳೆಯುತ್ತಿದ್ದರಂತೆ. ಮೂಲೆಯಲ್ಲಿ ಒಂದು ಸೇದುವ ಬಾವಿ. ಖಾಜಾನಿಗಿಂತ ಮೊದಲು ಹುಟ್ಟಿದ ಮಗ, ಆಗಷ್ಟೇ ನಡೆಯಲು ಕಲಿತಿದ್ದವನು, ಅದರೊಳಗೆ ಬಿದ್ದು ಸತ್ತ. ಆಮೇಲೆ ಆ ಮನೆಯವರು ಅಲ್ಲಿ ಏನನ್ನೂ ಬಿತ್ತಲಿಲ್ಲ. ನಾವು ಹರೆಯದವರು ಕಣದಲ್ಲಿ, ರಸ್ತೆಯಲ್ಲಿ ಆಡಿ ಎಲ್ಲರಿಂದ ಬೈಸಿಕೊಳ್ಳುತ್ತಿದ್ದೆವು. ಒಂದು ದಿನ ಚಾಚಿಯೇ ನನ್ನನ್ನು ಕರೆದಳು.

“ಹೊಲ ಆಡಾಕ ತಗೋರಿ. ನನಗ ಏನೂ ಬ್ಯಾಡ. ಮೊದಲ ಆ ಬಾವಿ ತುಂಬ್ರಿ. ತಳದಿಂದ ಬಾಯಿ ಮಟ. ಮುಚ್ಚೂದಲ್ಲ ಹನಮಾ, ತುಂಬೂದು. ಇನ್ನೊಬ್ಬಾಕಿ ಅಲ್ಲಿ ನಿಂತು ಅಳಬಾರದು.”

“ನನ್ನ ಮ್ಯಾಲೆ ಬಿಡು ಚಾಚಿ” ಎಂದೆ.

ಆಕೆ ಬಿಟ್ಟಳು. ನನ್ನ ಮೇಲೆಯೇ ಬಿಟ್ಟಳು.

ಕ್ವಾರಿಯ ಕಲ್ಲಿನ ಚೂರು ತರಿಸಿ ಸುರಿಸಿದೆ. ಟ್ರ್ಯಾಕ್ಟರ್ ಮೇಲೆ ಟ್ರ್ಯಾಕ್ಟರ್ ಸುರಿದರೂ ಬಗ್ಗಿ ನೋಡಿದರೆ ಕೆಳಗೆ ಕತ್ತಲೇ. ಇತ್ತ ನಾನು ಪಕ್ಕದ ಊರಿನ ತಂಡಕ್ಕೆ, ಬರುವ ಭಾನುವಾರ ಬರ್ರಿ, ಮೈದಾನ ಅಂದ್ರ ಹೆಂಗಿರಬೇಕು ತೋರಿಸ್ತೀನಿ ಎಂದು ಸಂತೆಯಲ್ಲಿ ನಿಂತು ಜಂಬ ಕೊಚ್ಚಿ ಬಂದಿದ್ದೆ. ಮಾತು ತಪ್ಪುವ ಗಂಡಸಲ್ಲ ನಾನು — ಹಾಗೆಂದುಕೊಂಡಿದ್ದೆ. ಗಂಡಸರ ಮುಂದೆ ಆಡಿದ ಮಾತು ಉಳಿಸಿಕೊಳ್ಳಲು ಚಾಚಿಗೆ ಕೊಟ್ಟ ಮಾತು ಮುರಿದೆ.

ನಮ್ಮ ಕಡೆ ಮನೆಗಳ ಮೇಲ್ಛಾವಣಿಗೆ ಹಾಸುವುದು ಇದೇ ಚಪ್ಪಡಿ. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಅದರ ಮೇಲೆ ಮಲಗುತ್ತಾರೆ. ಹುಡುಗರು ಓಡಾಡಿದರೆ ಏನಾದೀತು? ನಾನು ಕಡಿದ ಕಲ್ಲು — ಅದು ಮುರಿಯುತ್ತದೆಯೇ? ಊರವರೆಲ್ಲ ಸಂತೆಗೆ ಹೋಗಿದ್ದ ಮಧ್ಯಾಹ್ನ, ನನ್ನ ಕೈಕೆಳಗಿನ ಇಬ್ಬರು ಆಳುಗಳನ್ನು ಹಚ್ಚಿ, ಬಾವಿಯ ಬಾಯಿಗೆ ಚಪ್ಪಡಿ ಎಳೆಸಿದೆ. ಗೇಣು ಮಣ್ಣು ಹಾಕಿ, ನೀರು ಹೊಡೆದು, ರೋಲರ್ ಆಡಿಸಿದೆ. ಆ ಇಬ್ಬರೂ ಬೇರೆ ಊರಿನವರು, ಸುಗ್ಗಿಗೆ ಹೊರಟುಹೋದರು. ಖಾಜಾ ಆಗ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ, ಭಾನುವಾರದ ಆಟಕ್ಕಷ್ಟೇ ಊರಿಗೆ ಬರುತ್ತಿದ್ದ. ನೋಡಿದವರು ಯಾರೂ ಇರಲಿಲ್ಲ.

ಸಂಜೆ ಚಾಚಿ ಬಂದಳು. ಮಣ್ಣಿನ ಅಂಚಿಗೆ ನಿಂತು ಕೇಳಿದಳು.

“ತುಂಬಿದಿ ಏನು ಬೇಟಾ?”

“ತುಂಬೀನಿ ಚಾಚಿ. ಬಾಯಿ ಮಟ.”

ಇಷ್ಟೇ. ಈ ಎರಡು ಮಾತು. ಆಕೆ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಮೆಲ್ಲಗೆ ಆ ಮಣ್ಣಿನ ಮೇಲೆ ಹೆಜ್ಜೆ ಇಟ್ಟಳು. ನಾನು ಆಕೆಯ ಪಾದಗಳನ್ನೇ ನೋಡುತ್ತಿದ್ದೆ. ಆಕೆ ನನ್ನ ತಲೆ ಸವರಿದಳು.

ಆ ಭಾನುವಾರ ನಾವು ಗೆದ್ದೆವೋ ಸೋತೆವೋ ನನಗೆ ನೆನಪಿಲ್ಲ. ನೆನಪಿರುವುದು — ಚಾಚಿ ಒಂದು ಗೋಣಿತಟ್ಟು ತಂದು, ಎಲ್ಲ ಬಿಟ್ಟು ಅಲ್ಲೇ, ಸರಿಯಾಗಿ ಅಲ್ಲೇ ಹಾಸಿ ಕುಳಿತಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಖಾಜಾ ಆಡುವುದನ್ನು ನೋಡಿದಳು. ಹೆದರಿಕೆ ಕಳೆದ ತಾಯಿ ಮಗು ಮಲಗಿದ್ದ ಜಾಗದ ಹತ್ತಿರ ಕುಳಿತ ಹಾಗೆ ಕುಳಿತಿದ್ದಳು. ಆಮೇಲೆ ಪ್ರತಿ ಆಟಕ್ಕೂ ಅದೇ ಜಾಗ. ಆಕೆಯ ಕೆಳಗೆ ಏನಿದೆ ಎಂಬುದು ಗೊತ್ತಿದ್ದವನು ನಾನೊಬ್ಬನೇ. ಎಷ್ಟೋ ಸಲ ಬಾಯಿಯ ತನಕ ಬಂತು…

ಚೆಂಡು ಅಲ್ಲಿ ಬಿದ್ದರೆ ಸದ್ದು ಬೇರೆ ಬರುತ್ತಿತ್ತು. ಬೇರೆ ಕಡೆ ಥಪ್ಪೆಂದರೆ ಅಲ್ಲಿ ಢಮ್ಮೆನ್ನುತ್ತಿತ್ತು. ಹುಡುಗರು ಅದಕ್ಕೆ ಡೋಲಿನ ಮೂಲೆ ಎಂದು ಹೆಸರಿಟ್ಟರು. ಎತ್ತಿ ಹೊಡೆದ ಚೆಂಡು ಅಲ್ಲಿ ಬಿದ್ದರೆ ಜನ ಕುಣಿಯುತ್ತಿದ್ದರು. “ಬಾರಸಲೇ ಡೋಲು!” ಎಂದು ಬ್ಯಾಟು ಹಿಡಿದವನಿಗೆ ಕೂಗುತ್ತಿದ್ದರು. ಖಾಜಾ ಒಮ್ಮೆ ಎಲ್ಲರ ಮುಂದೆ ನನ್ನನ್ನು ಕಿಚಾಯಿಸಿದ: “ಏನೋ ಮೇಸ್ತ್ರಿ, ಕೆಳಗ ಕೊಪ್ಪರಿಗಿ ಬಂಗಾರ ಹುಗದಿ ಏನು?”

“ಬಂಡೆಗಲ್ಲು ಐತಲೇ ಕೆಳಗ” ಎಂದೆ. ಎಲ್ಲರೂ ನಂಬಿದರು. ಕಲ್ಲಿನ ವಿಷಯದಲ್ಲಿ ನನ್ನ ಮಾತಿಗೆ ಎದುರಾಡುವವರು ಯಾರಿದ್ದಾರೆ?

ಹೀಗೆ ವರ್ಷಗಳು ಕಳೆದವು. ಆಗ ಆಡಿದವರ ಮಕ್ಕಳು ಈಗ ಆಡುತ್ತಾರೆ. ಮಳೆಗಾಲ ಮುಗಿದ ಕೂಡಲೇ ಯಾರೂ ಇಲ್ಲದಾಗ ಹೋಗಿ ಹಾರೆಯಿಂದ ಮೆಲ್ಲಗೆ ಕುಟ್ಟಿ ನೋಡುತ್ತಿದ್ದೆ. ಸದ್ದು ಗಟ್ಟಿಯಾಗಿ ಬಂದರೆ ಇನ್ನೊಂದು ವರ್ಷ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಹೋದ ವರ್ಷ ಚಾಚಿ ತೀರಿಕೊಂಡಳು. ಮಣ್ಣು ಕೊಟ್ಟು ಬರುವಾಗ ನನ್ನ ಮನಸ್ಸಿನಲ್ಲಿ ಬಂದದ್ದನ್ನೂ ಹೇಳಿಬಿಡುತ್ತೇನೆ — ಇನ್ನು ಕೇಳುವವರು ಇಲ್ಲ. ಹೌದು, ಹಾಗೆಯೇ ಬಂತು.

ಈ ಸಲದ ಟೂರ್ನಮೆಂಟಿನಲ್ಲಿ ಒಬ್ಬ ಹುಡುಗ ಎತ್ತಿ ಹೊಡೆದ. ಚೆಂಡು ಆಕಾಶಕ್ಕೆ ಹೋಗಿ ಅದೇ ಮೂಲೆಗೆ ಇಳಿಯಿತು. ಜನ ಬಾಯಿ ತೆರೆದು ಕಾದರು.

ಆ ಢಮ್ಮೆನ್ನುವ ಸದ್ದೇ ಬರಲಿಲ್ಲ. ಬದ್ದೆಂದು ಬಿದ್ದು ಅಲ್ಲೇ ಕುಳಿತಿತು.

“ಡೋಲು ಹರದೈತಲೇ!” ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಗಟ್ಟಿ ಕಲ್ಲು ಬಡಿದರೆ ನಾದ ಕೊಡುತ್ತದೆ. ಒಳಗೆ ಸೀಳಿದ ಕಲ್ಲು ಮಾತ್ರ ಸುಮ್ಮನಾಗುತ್ತದೆ. ಇದನ್ನು ನಾನು ಎಷ್ಟು ಹುಡುಗರಿಗೆ ಕಲಿಸಿಲ್ಲ! ಚೆಂಡು ತರಲು ಒಬ್ಬ ಹುಡುಗ ಅತ್ತ ಓಡುತ್ತಿದ್ದ. ನನಗೆ ಕೂಗಲು ಆಗಲಿಲ್ಲ. ಕೂಗಬಹುದಿತ್ತು — ಕೂಗಲಿಲ್ಲ. ಅವನು ಚೆಂಡು ಎತ್ತಿಕೊಂಡು ನಗುತ್ತ ತಿರುಗಿ ಬಂದ. ಅವನ ಹೆಜ್ಜೆಯ ಹಿಂದೆ ಮಣ್ಣು ಸ್ವಲ್ಪ ಒಳಗೆ ಸರಿದದ್ದನ್ನು ನಾನು ಕಂಡೆ.

ಆಟ ಮುಗಿದ ಮೇಲೆ ಖಾಜಾ ನನ್ನ ಹೆಗಲ ಮೇಲೆ ಕೈ ಹಾಕಿದ.

“ಅವ್ವ ಕುಂದ್ರತಿದ್ದ ಜಾಗದಾಗ ಆಕಿ ಹೆಸರಿಲೆ ಮೆಟ್ಲ ಕಟ್ಟಸ್ತೀನೋ. ಸಾಲಿ ಹುಡುಗರು ಕುಂತು ಮ್ಯಾಚ್ ನೋಡ್ಲಿ. ಕಲ್ಲು ಮಾತ್ರ ನೀನ ಕೊಡಬೇಕು. ಬ್ಯಾರೇದವ್ರ ಕಲ್ಲು ನನಗ ಬ್ಯಾಡ. ಸೋಮವಾರ ಟ್ರ್ಯಾಕ್ಟರ್ ತರಸ್ತೀನಿ.”

ಆಯ್ತು ಎಂದು ತಲೆಯಾಡಿಸಿ ಮನೆಗೆ ಬಂದೆ. ಆಗಲೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಗೂಟ, ಹಗ್ಗ ತೆಗೆದುಕೊಂಡು ಹೋಗಿ ಆ ಮೂಲೆಯ ಸುತ್ತ ಕಟ್ಟಿದೆ. ಖಾಜಾ ಗಾಡಿಯ ಮೇಲೆ ಬಂದವನು ನಿಲ್ಲಿಸಿ, “ಏನೋ ಇದು, ಎಮ್ಮಿ ಕಟ್ಟಾಕ ಜಾಗ ಮಾಡಿದಿ ಏನು?” ಎಂದು ನಕ್ಕ.

“ಖಾಜಾ, ಬಾವಿ ತುಂಬಿಲ್ಲೋ ನಾನು.”

“ಯಾವ ಬಾವಿ?” — ಅವನ ಮುಖದಲ್ಲಿ ನಗು ಇನ್ನೂ ಇತ್ತು. ಆಮೇಲೆ ಹೋಯಿತು.

ಎಲ್ಲ ಹೇಳಿದೆ. ಚಪ್ಪಡಿ, ಸಂತೆ, ಆಳುಗಳು, ಬಂಡೆಯ ಸುಳ್ಳು, ಮೊನ್ನೆ ಬಾರದ ಸದ್ದು. ಅವನು ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು.

“ಅವ್ವ ಇಲ್ಲೇ ಕುಂದ್ರತಿದ್ಲು” ಎಂದ.

“ಹೌದು.”

“ನೀ ನೋಡ್ತಿದ್ದಿ.”

“ನೋಡ್ತಿದ್ದೆ.”

ಅವನು ಹಗ್ಗದ ಅಂಚಿನಲ್ಲಿ ಬಗ್ಗಿ ಆ ಮಣ್ಣು ನೋಡಿದ. ನಾಳೆಯೇ ಕಲ್ಲು ಸರಿಸಿ, ನನ್ನ ಕೈಯಾರೆ ತಳದಿಂದ ತುಂಬಿಕೊಡುತ್ತೇನೆ ಎಂದೆ. ಅವನು ತಲೆ ಎತ್ತಲಿಲ್ಲ.

“ನೀ ಕಲ್ಲಿಗೆ ಕೈ ಹಚ್ಚಬ್ಯಾಡ. ಬ್ಯಾರೇದವ್ರು ತೆಗೀತಾರ. ಬ್ಯಾರೇದವ್ರು ತುಂಬ್ತಾರ.”

ಗಾಡಿ ಹತ್ತಿ ಹೋದ.

ಖಾಜಾ ಹೇಳಿಕಳಿಸಿದ್ದಾನೆ, ನಾಳೆ ಕುಷ್ಟಗಿಯಿಂದ ಜನ ಬರುತ್ತಾರೆ. ಚಪ್ಪಡಿ ಎತ್ತಿದಾಗ ಒಳಗೆ ಏನು ಕಾಣುತ್ತದೋ ಅದನ್ನು ಇಡೀ ಊರು ನೋಡುತ್ತದೆ. ನಾನೂ ಬರುತ್ತೇನೆ. ಕೈ ಹಚ್ಚುವುದಿಲ್ಲ. ಹಗ್ಗದ ಹೊರಗೆ ನಿಂತು, ಬಗ್ಗಿ ನೋಡಲು ಬರುವ ಹುಡುಗರನ್ನು ಹಿಂದೆ ಸರಿಸುತ್ತೇನೆ. ಯಾಕೆ ಎಂದು ಕೇಳಿದವರಿಗೆಲ್ಲ, ಒಬ್ಬೊಬ್ಬರಿಗೂ, ಇದನ್ನು ಮಾಡಿದವನು ನಾನೇ ಎಂದು ಹೇಳುತ್ತೇನೆ.