ಕ್ಷೌರಿಕ ತ್ರಿಪೊನ ಕಂಕುಳ ಗಂಟು

ಕಡಲ ತೀರದ ಕೋಟರ್ ಊರಿನ ಕೋಟೆಯೊಳಗೆ ಅಂಗಡಿ ಇಟ್ಟಿದ್ದ ಕ್ಷೌರಿಕ ತ್ರಿಪೊನಿಗೆ ಯಾರ ಮಾತಿನ ಮೇಲೂ ನಂಬಿಕೆ ಇರಲಿಲ್ಲ. ಮೀನಿನವಳು ಬೆಳಿಗ್ಗೆಯ ಮೀನು ಎಂದರೆ ಕಿವಿರು ಎತ್ತಿ ನೋಡುವನು. ಪಾದ್ರಿ ಇವತ್ತು ಮಳೆ ಬರಲಿಕ್ಕಿಲ್ಲ ಎಂದರೆ ಕೊಡೆ ಹಿಡಿದು ಹೊರಡುವನು. ಕೆಟ್ಟ ಮನುಷ್ಯನೇನಲ್ಲ. ಊರಿನ ಗಂಡಸರ ಗಲ್ಲಕ್ಕೆಲ್ಲ ಸೋಪು ಬಳಿದು ಬಳಿದು, ಅವರು ಹೇಳುವ ಸುಳ್ಳುಗಳನ್ನೆಲ್ಲ ಕೇಳಿ ಕೇಳಿ ಹಾಗಾಗಿದ್ದ, ಅಷ್ಟೇ. ಬೇರೆ ಯಾರಾದರೂ ಅವನ ಜಾಗದಲ್ಲಿದ್ದರೂ ಹಾಗೇ ಆಗುತ್ತಿದ್ದರು ಬಿಡಿ.

ಅಂಥವನ ಬಲ ಕಂಕುಳಲ್ಲಿ ಒಂದು ವಸಂತದ ಬೆಳಿಗ್ಗೆ ಅಂಗಿ ಹಾಕಿಕೊಳ್ಳುವಾಗ ಗಂಟೊಂದು ಕೈಗೆ ಸಿಕ್ಕಿತು. ಅಕ್ರೋಟಿನಷ್ಟು ದಪ್ಪ, ಮುಟ್ಟಿದರೆ ನೋವು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಅವನ ಅಣ್ಣ ಷ್ಪಿರೊ ಸತ್ತದ್ದು ಕಂಕುಳಲ್ಲಿ ಎದ್ದ ಗಂಟಿನಿಂದಲೇ.

ಆ ಊರಿನಲ್ಲಿ ಒಂದು ಪದ್ಧತಿ ಇದೆ. ರೋಗ ಕೆಟ್ಟದ್ದಾದರೆ ರೋಗಿಗೆ ಹೇಳುವುದಿಲ್ಲ. ಡಾಕ್ಟರು ರೋಗಿಯನ್ನು ಹೊರಗೆ ಕೂರಿಸಿ ಮನೆಯವರನ್ನು ಒಳಗೆ ಕರೆಯುತ್ತಾರೆ. ಮನೆಯವರು ಕಣ್ಣೊರೆಸಿಕೊಂಡು, ಮುಖಕ್ಕೆ ನಗು ಮೆತ್ತಿಕೊಂಡು ಹೊರಬರುತ್ತಾರೆ. ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ನಿಜ ಹೇಳುವವನನ್ನೇ ಕಲ್ಲು ಮನಸ್ಸಿನವನು ಎನ್ನುತ್ತಾರೆ. ಷ್ಪಿರೊನಿಗೂ ಹಾಗೇ ಮಾಡಿದ್ದರು. ಕೊಬ್ಬಿನ ಗಂಟು, ಕರಗುತ್ತೆ ಎಂದಿದ್ದರು. ಶನಿವಾರ ಶನಿವಾರ ಮನೆಗೇ ಹೋಗಿ ಅವನ ಗಡ್ಡ ಹೆರೆಯುತ್ತಿದ್ದ ತ್ರಿಪೊನೂ ಅದನ್ನೇ ಹೇಳಿದ್ದ. ಕೊನೆಯ ಸಲ ಮುಖದ ತುಂಬ ಸೋಪಿನ ನೊರೆ ಇದ್ದಾಗ ಅಣ್ಣ ಕೇಳಿದ್ದ.

"ಗಂಟು ಕರಗ್ತಾ ಇದೆಯೇನೋ?"

"ಕರಗ್ತಾ ಇದೆ ಅಣ್ಣ."

"ಆಗ್ಲಿ ಬಿಡು. ಆದ್ರೆ ನಿನ್ನ ಅತ್ತಿಗೆ ಈಗ ನನ್ನ ಬೈಯೋದೇ ಇಲ್ಲ ಕಣೋ. ಒಂದೇ ಒಂದು ಸಲ ಬೈಯೋಕೆ ಹೇಳು ಅವಳಿಗೆ."

ಅಣ್ಣನಿಗೆ ತಮಾಷೆ ಮಾಡುವಷ್ಟು ಗೆಲುವು ಬಂದಿದೆಯೆಂದು ತ್ರಿಪೊ ನಕ್ಕುಬಿಟ್ಟಿದ್ದ.

ಈಗ ಗಂಟು ಅವನದೇ ಕಂಕುಳಲ್ಲಿ. ಹೆಂಡತಿ ದೋಬ್ರಿಲಾ ಅವನನ್ನು ದರದರನೆ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರ್ ರಾದ್ಮಿಲಾ ಎಂಬಾಕೆ ಗಂಟು ಒತ್ತಿ ನೋಡಿದಳು, ಎದೆಯ ಫೋಟೋ ತೆಗೆಸಿ ಕ್ಷಯ ಇಲ್ಲವೆಂದಳು, ಆಮೇಲೆ ಅವನ ಬಲಗೈಯನ್ನು ದೀಪದ ಕೆಳಗೆ ಹಿಡಿದು ಹಿಂದೆಮುಂದೆ ತಿರುಗಿಸಿದಳು. ಮುಂಗೈಯ ಮೇಲೆ ಗೀರುಗಳಿದ್ದವು. ಒಂದು ಗೀರಿನ ತುದಿಯಲ್ಲಿ ಒಣಗಿದ ಗುಳ್ಳೆ.

"ಮನೇಲಿ ಬೆಕ್ಕು ಸಾಕಿದೀರಾ ತ್ರಿಪೊ ಅವರೇ?"

"ಇಲ್ಲ."

ಅವನು ಸುಳ್ಳು ಹೇಳಲಿಲ್ಲ. ಕೋಟರಿನಲ್ಲಿ ಯಾರೂ ಬೆಕ್ಕು ಸಾಕುವುದಿಲ್ಲ. ಬೆಕ್ಕುಗಳು ಊರಿನವು. ಮೆಟ್ಟಿಲ ಮೇಲೆ ಮೀನಿನ ತಲೆ ಇಡುತ್ತಾರೆ, ಚಳಿಗೆ ಹಳೇ ಸ್ವೆಟರ್ ಹಾಸುತ್ತಾರೆ, ಸತ್ತರೆ ಅಳುತ್ತಾರೆ, ಆದರೆ ನಿಮ್ಮದಾ ಎಂದು ಕೇಳಿ ನೋಡಿ, ನಮ್ಮದಲ್ಲಪ್ಪ ಎನ್ನುತ್ತಾರೆ. ತ್ರಿಪೊನ ಅಂಗಡಿಯಲ್ಲೂ ಒಂದು ಹರೆಯದ ಹೆಣ್ಣು ಬೆಕ್ಕು ಗಿರಾಕಿಯ ಕುರ್ಚಿಯನ್ನೇ ಹಾಸಿಗೆ ಮಾಡಿಕೊಂಡಿತ್ತು. ದಿನಾ ಬೆಳಿಗ್ಗೆ ಅದನ್ನು ಎತ್ತಿ ಕೆಳಗಿಡುವಾಗ ಅದು ಪರಚುವುದು, ಇವನು ಬೈಯುವುದು. ಬೈಯಲು ಒಂದು ಹೆಸರು ಬೇಕಲ್ಲ ಎಂದು 'ರಾಣಿ' ಎಂದು ಕರೆಯುತ್ತಿದ್ದ. ಅಷ್ಟಕ್ಕೇ ಅದು ಅವನದಾಗುತ್ತದೆಯೇ?

"ಮತ್ತೆ ಇದು ಯಾರು ಪರಚಿದ್ದು?"

"ಕೆಲಸದಲ್ಲಿ ಆಗಿರ್ಬೇಕು ಡಾಕ್ಟ್ರೇ. ಕತ್ತರಿ, ಕತ್ತಿ..."

"ಕತ್ತರಿ ಇಷ್ಟು ಗೆರೆ ಒಟ್ಟೊಟ್ಟಿಗೆ ಎಳೆಯುತ್ತಾ?" ಎಂದು ಡಾಕ್ಟರ್ ರಾದ್ಮಿಲಾ ಅವನನ್ನೇ ದಿಟ್ಟಿಸಿದಳು. ರಕ್ತ ತೆಗೆಸಿದಳು. "ನೀವು ಸ್ವಲ್ಪ ಹೊರಗೆ ಕೂತಿರಿ. ನಿಮ್ಮ ಮನೆಯವರನ್ನ ಒಳಗೆ ಕಳಿಸಿ."

ಮುಗಿಯಿತು ಎಂದುಕೊಂಡ ತ್ರಿಪೊ. ಅಣ್ಣನನ್ನು ಕೂರಿಸಿದ್ದು ಇಂಥದೇ ಬೆಂಚಿನ ಮೇಲೆ. ಕಿವಿ ನಿಮಿರಿಸಿ ಕೂತರೂ ಒಳಗಿನ ಮಾತು ಕೇಳಿಸಲಿಲ್ಲ. ಬಾಗಿಲು ತೆರೆದಾಗ ದೋಬ್ರಿಲಾ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತ ಬಂದಳು.

"ಏನಂದ್ರು?"

"ಬೆಕ್ಕಂತೆ," ಎಂದವಳೇ ಮತ್ತೆ ಮುಖಕ್ಕೆ ಬಟ್ಟೆ ಒತ್ತಿಕೊಂಡಳು. "ರಾಣಿ ವಿಷಯ ಹೇಳಿದೆ. ಹೆಸರಿಟ್ಟಿದಾನೆ, ಆದ್ರೆ ಅವನದಲ್ಲ ಅಂದೆ. ಡಾಕ್ಟರು ನಕ್ಕೂ ನಕ್ಕೂ... ನಂಗೂ ತಡೆಯೋಕಾಗ್ಲಿಲ್ಲ."

ಇವಳು ನಕ್ಕು ಅತ್ತಳಂತೆ! ತ್ರಿಪೊ ಒಂದಕ್ಷರವನ್ನೂ ನಂಬಲಿಲ್ಲ. ಇಬ್ಬರೂ ಸೇರಿ ಹೇಳುವುದಕ್ಕೆ ಒಂದು ಬೆಕ್ಕನ್ನು ಹುಡುಕಿಕೊಂಡಿದ್ದಾರೆ, ಅಷ್ಟೇ.

ರಕ್ತದ ವರದಿ ಬಂದ ದಿನ ಡಾಕ್ಟರು ಅವನನ್ನೇ ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದಳು. ಬೆಕ್ಕಿನ ಮೈಯಲ್ಲಿ ಚಿಗಟ ಇರುತ್ತೆ, ಚಿಗಟದ ಹಿಕ್ಕೆ ಉಗುರಿಗೆ ಮೆತ್ತಿಕೊಳ್ಳುತ್ತೆ, ಪರಚಿದಾಗ ರೋಗಾಣು ಒಳಗೆ ಸೇರುತ್ತೆ. ಮೊದಲು ಪರಚಿದ ಕಡೆ ಗುಳ್ಳೆ, ಆಮೇಲೆ ಆ ಕೈಯ ಕಂಕುಳಲ್ಲೇ ಗಂಟು, ಸಣ್ಣ ಜ್ವರ. ರಕ್ತದಲ್ಲೂ ಅದೇ ಸಿಕ್ಕಿದೆ. "ಬೆಕ್ಕಿಗೆ ಚಿಗಟದ ಔಷಧಿ ಹಾಕ್ಸಿ. ಪರಚಿದ್ರೆ ತಕ್ಷಣ ಸೋಪು ಹಾಕಿ ತೊಳ್ಕೊಳ್ಳಿ. ಹೆದರಬೇಡಿ. ಒಂದೆರಡು ತಿಂಗಳಲ್ಲಿ ಗಂಟು ತಾನೇ ಕರಗುತ್ತೆ."

ಕರಗುತ್ತೆ. ಆ ಒಂದು ಮಾತು ಕಿವಿಗೆ ಬಿದ್ದದ್ದೇ ತಡ, ಅವನಿಗೆ ಮುಂದಿನದೇನೂ ಕೇಳಿಸಲಿಲ್ಲ.

ಅಂದಿನಿಂದ ಊರೆಲ್ಲ ತನ್ನ ಕಿವಿಗೆ ಹೂ ಇಡುತ್ತಿರುವಂತೆ ಅವನಿಗೆ ಕಾಣತೊಡಗಿತು. ಹಡಗಿನ ಕೆಲಸ ಬಿಟ್ಟು ಮನೆಯಲ್ಲಿದ್ದ ಗೆಳೆಯ ನಿಕ್ಷಾ ಕ್ಷೌರಕ್ಕೆ ಬಂದವನು, "ಬೆಕ್ಕಿಂದ ಗಂಟಾ? ಹಾಗಿದ್ರೆ ಈ ಊರಲ್ಲಿ ಒಬ್ರೂ ಉಳೀತಿರ್ಲಿಲ್ಲ ಮಾರಾಯ" ಎಂದು ನಕ್ಕ. ತ್ರಿಪೊನ ಮುಖ ನೋಡಿ ತಕ್ಷಣ ರಾಗ ಬದಲಿಸಿ, "ಮುಖದಲ್ಲಿ ಕಳೆ ಇದೆ ಬಿಡು ನಿಂಗೆ" ಎಂದ. ಇಷ್ಟು ವರ್ಷ ಇಲ್ಲದ ಕಳೆ ಈಗ ಎಲ್ಲಿಂದ ಬಂತು? ಚೌಕದ ಕಾಫಿಯವನು ಕರೆಯದೆಯೇ ಕಾಫಿ ತಂದಿಟ್ಟ. ಅದೂ ಅವನ ಅನುಮಾನದ ಲೆಕ್ಕಕ್ಕೆ ಸೇರಿತು. ತನ್ನನ್ನು ಮಣ್ಣು ಮಾಡುವಾಗ ತೊಡಿಸಲೆಂದು ತ್ರಿಪೊ ಕಪ್ಪು ಸೂಟು ತೆಗೆದು ಗಾಳಿಗೆ ಹಾಕಿದ. ಅಪ್ಪನಿಂದ ಬಂದಿದ್ದ ಒಳ್ಳೆಯ ಕ್ಷೌರದ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ನಿಕ್ಷಾನ ಕೈಯಲ್ಲಿಟ್ಟು, "ಇದು ನಿನ್ನ ಹತ್ರ ಇರ್ಲಿ" ಎಂದ. ನಿಕ್ಷಾ ಹೆದರಿ ಅದನ್ನು ನೆಟ್ಟಗೆ ದೋಬ್ರಿಲಾಳಿಗೆ ತಂದುಕೊಟ್ಟ.

ಮಧ್ಯಾಹ್ನ ಊಟಕ್ಕೆ ಕೂತಾಗ ಆ ಕತ್ತಿ ಮೇಜಿನ ಮೇಲಿತ್ತು.

"ಇದೇನಿದು?" ಎಂದಳು ದೋಬ್ರಿಲಾ. "ಅಲ್ಲಿ ಸೂಟು ನೇತಾಕಿದೀಯ, ಇಲ್ಲಿ ಕತ್ತಿ ಹಂಚ್ತಾ ಇದೀಯ. ಯಾರ ತಿಥಿ?"

"ನಿಜ ಹೇಳಿಬಿಡು ದೋಬ್ರಿಲಾ. ಎಷ್ಟು ದಿನ ಇದೆ ನಂಗೆ?"

"ಬೆಕ್ಕು ಅಂತ ಹೇಳಿದ್ರಲ್ಲೋ!"

"ಅಣ್ಣಂಗೆ ಕೊಬ್ಬು ಅಂದ್ರಿ, ನಂಗೆ ಬೆಕ್ಕು ಅಂತೀರಿ. ಅವನಿಗೂ ಕರಗುತ್ತೆ ಅಂತಾನೇ ಹೇಳಿದ್ದು. ಹೇಳ್ದೋನು ನಾನೇ, ನಂಗೊತ್ತಿಲ್ವಾ?"

ದೋಬ್ರಿಲಾ ಸೌಟಿನಿಂದ ಅವನ ತಟ್ಟೆ ತೋರಿಸಿದಳು.

"ಏನಿದೆ ಅದ್ರಲ್ಲಿ?"

"ಸೊಪ್ಪು, ಆಲೂಗಡ್ಡೆ."

"ನಿನ್ನೆ?"

"ಸೊಪ್ಪು."

"ನಿಂಗೆ ಸೊಪ್ಪು ಕಂಡ್ರೆ ಆಗುತ್ತಾ?"

"ಜನ್ಮದಲ್ಲಿ ಆಗಿಲ್ಲ."

"ಮತ್ತೆ? ಭಾವಂಗೆ ಕೊನೆಗಾಲದಲ್ಲಿ ನಿನ್ನ ಅತ್ತಿಗೆ ಯೋಕಾ ಏನು ಹಾಕ್ತಿದ್ಲು? ಕರಿದ ಮೀನು, ಒಳ್ಳೇ ವೈನು, ಕೇಳಿದ್ದೆಲ್ಲ. ಒಂದು ಗಟ್ಟಿ ಮಾತು ಆಡಿದ್ಲಾ ಗಂಡನಿಗೆ? ನಾನು ಬೆಳಿಗ್ಗೆಯಿಂದ ನಿನ್ನ ಎಷ್ಟು ಸಲ ಕತ್ತೆ ಅಂದಿದೀನಿ, ಲೆಕ್ಕ ಇದೆಯಾ? ಸಾಯೋನಿಗೆ ಯಾರಾದ್ರೂ ದಿನಾ ಸೊಪ್ಪು ಹಾಕ್ತಾರೇನೋ, ಕತ್ತೆ?"

ತ್ರಿಪೊ ತಟ್ಟೆ ನೋಡಿದ. ಹೆಂಡತಿಯ ಮುಖ ನೋಡಿದ. ನಿಜವಾದ ಕೋಪವೇ ಅದು, ಅದರಲ್ಲಿ ಎಳ್ಳಷ್ಟೂ ಕನಿಕರ ಇರಲಿಲ್ಲ. ಎಕ್ಸ್‌ರೇ, ರಕ್ತದ ವರದಿ, ಡಾಕ್ಟರಮ್ಮನ ಚಿಗಟದ ಪುರಾಣ ಯಾವುದರಿಂದಲೂ ಬಾರದ ನಂಬಿಕೆ ಆ ಬೆಂದ ಸೊಪ್ಪಿನಿಂದ ಬಂತು. ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ನಗುತ್ತಾ ದೊಡ್ಡದೊಂದು ತುತ್ತು ಬಾಯಿಗಿಟ್ಟ. ಜೀವನದಲ್ಲಿ ಮೊದಲ ಸಲ ಸೊಪ್ಪು ರುಚಿಸಿತು.

ಎರಡನೇ ತುತ್ತು ಅರ್ಧದಲ್ಲೇ ನಿಂತಿತು.

"ಮತ್ತೇನಾಯ್ತು?" ಎಂದಳು ದೋಬ್ರಿಲಾ.

"ಬೈಯೋಕೆ ಹೇಳು ಅಂದಿದ್ದ," ಎಂದ ತ್ರಿಪೊ.

"ಯಾರು?"

"ಅಣ್ಣ. ಯೋಕಾ ನನ್ನ ಬೈಯೋದೇ ಇಲ್ಲ, ಒಂದೇ ಒಂದು ಸಲ ಬೈಯೋಕೆ ಹೇಳು ಅಂದಿದ್ದ. ಅವನಿಗೆ ಗೊತ್ತಿತ್ತು ಕಣೇ. ಎಲ್ಲಾ ಗೊತ್ತಿತ್ತು. ನಾನು ನಕ್ಕುಬಿಟ್ಟೆ."

ಅವನ ಕಣ್ಣಿಂದ ನೀರು ಇಳಿದು ಗಲ್ಲದ ಮೇಲೆ ಹರಿಯಿತು. ದೋಬ್ರಿಲಾಳ ಬಾಯಿಗೆ ಒಂದು ಮೆತ್ತಗಿನ ಮಾತು ಬಂದಿತ್ತು. ಕೈ ಕೂಡ ಅವನ ಭುಜದ ಕಡೆ ಹೊರಟಿತ್ತು. ಆ ಮಾತನ್ನು ಅವಳು ನುಂಗಿಕೊಂಡಳು. ಕೈಯನ್ನು ಹಿಂದಕ್ಕೆ ತೆಗೆದು ಸೌಟು ಹಿಡಿದಳು.

"ಊಟದ ಮುಂದೆ ಅಳ್ತಾ ಕೂತ್ಕೋಬೇಡ, ಕತ್ತೆ," ಎಂದು ಗದರಿ ಅವನ ತಟ್ಟೆಗೆ ಇನ್ನಷ್ಟು ಸೊಪ್ಪು ಬಡಿಸಿದಳು.