ಎಸ್ತರಮ್ಮ ಟೀಚರ ದಾನದ ಪಾಠ

ತುಮಕೂರಿನ ಸಂಡೇ ಸ್ಕೂಲಿನ ಎಸ್ತರಮ್ಮ ಟೀಚರಿಗೆ ಕ್ರಿಸ್‌ಮಸ್ ಹತ್ತಿರ ಬಂತೆಂದರೆ ದಾನದ ಹುಚ್ಚು ಹಿಡಿಯುತ್ತಿತ್ತು. ಇಲ್ಲದವರಿಗೆ ಕೊಡಲೆಂದು ಮಕ್ಕಳು ತೂತುಬಿದ್ದ ಡಾಲ್ಡಾ ಡಬ್ಬ, ಕಾಲು ಮುರಿದ ಗೊಂಬೆ, ಕೊನೆಗೆ ತಾತನ ಹಲ್ಲುಸೆಟ್ಟನ್ನೂ ಹೊತ್ತು ತಂದರೆ ಕೆಂಡಾಮಂಡಲವಾಗಿ, "ಬ್ಯಾಡದ್ದು ಕೊಟ್ರೆ ಅದು ಕಸ ಕಣ್ರೋ! ಕೊಡೋವಾಗ ಅಳು ಬರ್ಬೇಕು, ಅಂಥದ್ದು ತನ್ನಿ" ಎಂದು ಗದರಿ ಎಲ್ಲವನ್ನೂ ವಾಪಸು ಹೊರಿಸುತ್ತಿದ್ದರು. ಒಂದು ಭಾನುವಾರ ಪುಟ್ಟ ಸಲೋಮಿ ತನ್ನ ಎಳೆಗೂಸು ತಮ್ಮನನ್ನೇ ಎತ್ತಿಕೊಂಡು, ಗೊಳೋ ಎಂದು ಅಳುತ್ತಾ ಬಂದಳು. "ಅಯ್ಯೋ, ಇವನ್ನ ಯಾರಿಗ್ ಕೊಡ್ತೀಯೇ?" ಎಂದು ಟೀಚರ್ ಬೆಚ್ಚಿದರು. "ನಿಮ್ಗೇ ಟೀಚರ್. ನಿಮ್ಮನೇಲಿ ಪಾಪು ಇಲ್ವಲ್ಲ." ಸಲೋಮಿಯ ಮನೆ ಎದುರು ಬೀದಿಯಲ್ಲೇ ಇತ್ತು. ಕೂಸನ್ನು ಎದೆಗವಚಿಕೊಂಡ ಟೀಚರ್ ಅದನ್ನು ವಾಪಸು ಕೊಡಲು ದೂರದ ಗುಬ್ಬಿ ಗೇಟ್ ಸುತ್ತಿಕೊಂಡು ಹೋದರು.